ಉಡ ಮತ್ತು ಹಾಲಕ್ಕಿ: ನಮ್ಮ ಹೊಲದ ಎರಡು ಪುಕ್ಕಟೆ ಸೇವೆಗಳ ವಿಮರ್ಶೆ

ಸ್ಪ್ರೇಯರ್, ಮೋಟರು, ತಾಡಪತ್ರಿ ಎಲ್ಲದರ ಬಗ್ಗೆಯೂ ಜನ ವಿಮರ್ಶೆ ಬರೆಯುತ್ತಾರೆ. ಹುಳ, ಇಲಿ ಹಿಡಿಯುವ ಸೇವೆ ಬಗ್ಗೆ ಬರೆದರೂ ದುಡ್ಡು ಕೊಟ್ಟು ಕರೆಸಿದ ಕಂಪನಿಗಳ ಬಗ್ಗೆ ಮಾತ್ರ. ನಮ್ಮ ಹೊಲದಲ್ಲಿ ಪಗಾರ ಇಲ್ಲದೆ ಈ ಕೆಲಸ ಮಾಡುವವರು ಇದ್ದಾರೆ. ತಿಪ್ಪೆ ಪಕ್ಕದ ಒಡ್ಡಿನಲ್ಲಿ ಒಂದು ಉಡ. ಕಣದ ಬೇವಿನ ಮರದಲ್ಲಿ ಒಂದು ಜೋಡಿ ಹಾಲಕ್ಕಿ, ಅಂದರೆ ಮೈತುಂಬ ಬಿಳಿ ಚುಕ್ಕಿ ಇರುವ ಪುಟ್ಟ ಗೂಬೆ. ಇವರಲ್ಲಿ ಯಾರ ಕೆಲಸ ಚಲೋ ಅನ್ನೋದು ನಮ್ಮ ಮನೆಯ ಮುಗಿಯದ ಜಗಳ. ಕಾಕಾ ಉಡದ ಪಾರ್ಟಿ. ಮಗಳು ಹಾಲಕ್ಕಿ ಪಾರ್ಟಿ. ಅವ್ವನಿಗೆ ಎರಡೂ ಬೇಡ. ಹೊಲದ ಜಮಾ-ಖರ್ಚು ಬರೆದಿಡೋನು ನಾನು, ಹಾಗಾಗಿ ಮಾರ್ಕ್ಸ್ ಹಾಕೋ ಕೆಲಸವೂ ನನ್ನ ತಲೆಗೇ ಬಂತು.

ಹೊಲ ಇರುವುದು ಗದಗ ಜಿಲ್ಲೆಯಲ್ಲಿ, ಡಂಬಳದ ಕಡೆ. ಕಣದಲ್ಲಿ ನಿಂತರೆ ಕಪ್ಪತಗುಡ್ಡ ಕಾಣುತ್ತದೆ. ಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮ ಅಂತ ಘೋಷಿಸಿದರು. ಉಡಕ್ಕೆ ಗಡಿಕಲ್ಲು ಓದೋಕೆ ಬರೋದಿಲ್ಲ, ಅದು ನಮ್ಮಲ್ಲೂ ಇದೆ. ಮುಂಗಾರಿಗೆ ಹೆಸರು, ಶೇಂಗಾ. ಹಿಂಗಾರಿಗೆ ಬಿಳಿಜೋಳ, ಕಡಲೆ. ಮನೆ ಹಿಂದೆ ಕಾಳಿನ ಚೀಲ ಇಡುವ ತಗಡಿನ ಶೆಡ್ಡು, ಅದಕ್ಕೆ ಹತ್ತಿ ಜವಾರಿ ಕೋಳಿಗಳ ಗೂಡು, ಆಚೆಗೆ ತಿಪ್ಪೆ. ನಾನು ಬರೆಯುತ್ತಿರುವುದು ಇಷ್ಟು ಜಾಗದಲ್ಲಿ ಕಂಡದ್ದನ್ನ.

ಮೊದಲು ಅಳತೆ ಹೇಳಿಬಿಡುತ್ತೇನೆ. ನಮ್ಮ ಕಡೆಯ ಉಡ ಪೂರ್ತಿ ಬೆಳೆದರೆ ಮೂಗಿನಿಂದ ಬಾಲದ ತುದಿಗೆ ಐದೂವರೆ ಅಡಿಯ ತನಕ ಹೋಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಬಾಲ. ದೊಡ್ಡ ಗಂಡು ಏಳು ಕಿಲೋದವರೆಗೂ ತೂಗಬಹುದು. ನಮ್ಮದು ಅಷ್ಟಿಲ್ಲ. ಆದರೂ ಸಲಿಕೆಯ ಪಕ್ಕದಲ್ಲಿ ಮಲಗಿದ್ದಾಗ ನೋಡಿದ್ದೇನೆ, ಸಲಿಕೆಗಿಂತ ಉದ್ದ. ಹಾಲಕ್ಕಿ ಇಪ್ಪತ್ತೊಂದು ಸೆಂಟಿಮೀಟರ್, ಗೊರವಂಕದಷ್ಟು. ತೂಕ ನೂರು ಗ್ರಾಮಿನ ಮೇಲೆ ಸ್ವಲ್ಪ. ತಕ್ಕಡಿಗೆ ಹಾಕಿದರೆ ಒಂದು ದೊಡ್ಡ ಉಡಕ್ಕೆ ಊರಿನ ಅಷ್ಟೂ ಹಾಲಕ್ಕಿಗಳನ್ನು ಗುಡ್ಡೆ ಹಾಕಬೇಕಾಗುತ್ತದೆ. ಕಾಕಾನ ವಾದ ನಿಂತಿರುವುದೇ ಇದರ ಮೇಲೆ. "ಎತ್ತು ದೊಡ್ಡದಿದ್ರ ಎಳಿಯೋದೂ ಜಾಸ್ತಿ" ಅಂತಾರೆ. ಲೆಕ್ಕ ಅಷ್ಟು ಸಲೀಸಾಗಿಲ್ಲ. ಉಡ ತಣ್ಣನೆ ರಕ್ತದ ಪ್ರಾಣಿ. ಮೈ ಬಿಸಿ ಮಾಡಿಕೊಳ್ಳೋಕೆ ಬಿಸಿಲು ಇದೆ, ಊಟ ಸುಡಬೇಕಿಲ್ಲ. ಹೊಟ್ಟೆ ತುಂಬಿದ ಮೇಲೆ ಆರಾಮ ಬಿದ್ದಿರಬಹುದು. ಹಾಲಕ್ಕಿಯ ಮೈ ಹಗಲು ರಾತ್ರಿ ಬಿಸಿ ಇರಬೇಕು, ಹಾಗಾಗಿ ಅದು ದಿನಾ ದುಡಿಯಲೇಬೇಕು. ತೂಕ ನೋಡಿ ಕೆಲಸ ಅಳೆಯೋದು ಇಲ್ಲಿ ನಡೆಯೋದಿಲ್ಲ.

ಡ್ಯೂಟಿ ಟೈಮು ನೋಡಿದರೆ ಇಬ್ಬರೂ ಮಾತಾಡಿಕೊಂಡು ಹಂಚಿಕೊಂಡ ಹಾಗಿದೆ. ಉಡ ಹಗಲು ಪಾಳಿ. ಹಾಲಕ್ಕಿ ಸಂಜೆ ಮತ್ತು ರಾತ್ರಿ ಪಾಳಿ, ಬೆಳಕು ಹರಿಯೋ ಹೊತ್ತಿಗೆ ಇನ್ನೊಂದು ಸುತ್ತು. ಮಳೆಗಾಲದಲ್ಲಿ ಉಡ ಭಾರಿ ಚುರುಕು. ಚಳಿ ಬಿದ್ದರೆ ಹೊರಗೆ ಬರೋದೇ ಕಷ್ಟ, ಡಿಸೆಂಬರ್-ಜನವರಿಯಲ್ಲಿ ಹೆಚ್ಚು ಕಮ್ಮಿ ರಜೆ. ಹಾಲಕ್ಕಿಗೆ ರಜೆ ಇಲ್ಲ. ಅದೇ ಚಳಿಯಲ್ಲಿ ಅದು ಗೂಡು ಹಿಡಿಯುತ್ತದೆ. ಮೊಟ್ಟೆ ಇಡೋ ಕಾಲ ನವೆಂಬರಿನಿಂದ ಏಪ್ರಿಲ್ ತನಕ.

ಈಗ ಉಡದ ಕೆಲಸ ಹತ್ತಿರದಿಂದ ನೋಡೋಣ.

ಮೊದಲ ಮಳೆ ಬಿದ್ದ ಮೇಲಿನ ಬೆಳಿಗ್ಗೆ ಇದನ್ನ ನೋಡೋಕೆ ಸರಿಯಾದ ಹೊತ್ತು. ಬಿಸಿಲು ಏರುವಾಗ ಒಡ್ಡಿನ ಕಲ್ಲಿನ ಸಂದಿಯಿಂದ ತಲೆ ಮಾತ್ರ ಹೊರಗೆ ಬರುತ್ತದೆ. ಸುಮಾರು ಹೊತ್ತು ಹಾಗೇ ಇರುತ್ತದೆ. ಆಮೇಲೆ ಚಪ್ಪಡಿಯ ಮೇಲೆ ಹೊಟ್ಟೆ ಒತ್ತಿ ಮಲಗುತ್ತದೆ. ಮೈ ಕಾದ ಮೇಲೇ ನಡಿಗೆ. ನಡೆಯುವಾಗ ಸೀಳು ನಾಲಿಗೆ ಒಂದೇ ಸಮನೆ ಒಳಗೆ ಹೊರಗೆ. ನಾಲಿಗೆಯ ಎರಡು ತುದಿ ಎರಡು ಕಡೆಯ ವಾಸನೆ ಹಿಡಿದು ತಂದು ಬಾಯಿಯ ಮೇಲ್ಗಡೆ ಇರುವ ಅಂಗಕ್ಕೆ ಮುಟ್ಟಿಸುತ್ತವೆ. ಯಾವ ತುದಿಯಲ್ಲಿ ವಾಸನೆ ಜಾಸ್ತಿಯೋ ಆ ಕಡೆ ತಲೆ ತಿರುಗುತ್ತದೆ. ತಿಪ್ಪೆ ಹತ್ತಿದ ಮೇಲೆ ಒಂದು ಜಾಗದಲ್ಲಿ ನಿಲ್ಲುತ್ತದೆ, ನಾಲಿಗೆ ನೆಲಕ್ಕೆ ತಾಗಿಸುತ್ತದೆ, ಮುಂಗಾಲಿನಿಂದ ಗೊಬ್ಬರ ಹಿಂದಕ್ಕೆ ಎಸೆಯೋಕೆ ಶುರು ಮಾಡುತ್ತದೆ. ಮೊದಲು ಎಡಗಾಲು, ಆಮೇಲೆ ಬಲಗಾಲು. ಹಾಳುಗೆಡಹುವ ಗಡಿಬಿಡಿ ಇಲ್ಲ. ತೋಡಿದ ಕುಳಿಗೆ ಮೂತಿ ತುರುಕುತ್ತದೆ, ಹೊರಗೆ ಬಂದಾಗ ಬಾಯಲ್ಲಿ ಹೆಬ್ಬೆರಳು ದಪ್ಪದ ಬಿಳಿ ಹುಳ ಸುರುಟಿಕೊಂಡಿರುತ್ತದೆ. ಎರಡು ಸಲ ಕೊಡವಿ, ತಲೆ ಮೇಲೆತ್ತಿ, ಹಾಗೇ ನುಂಗುತ್ತದೆ. ಅಗಿಯೋದು ಅಂತ ಇಲ್ಲ. ಗಂಟಲಿನ ಚೀಲ ಮಾತ್ರ ಮೇಲೆ ಕೆಳಗೆ ಆಡುತ್ತಿರುತ್ತದೆ.

ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಇದೆಯಲ್ಲ, ಅದರ ಮರಿಹುಳ ಬೆಳೆಯುವುದು ಇಂಥ ತಿಪ್ಪೆಗಳಲ್ಲೇ. ಗೊಬ್ಬರದ ಜೊತೆ ನಾವೇ ಚಕ್ಕಡಿಯಲ್ಲಿ ತುಂಬಿ ಹೊಲಕ್ಕೆ ಸಾಗಿಸುತ್ತೇವೆ. ಉಡ ತಿರುವಿ ಹಾಕಿದ ತಿಪ್ಪೆಯಲ್ಲಿ ಇಂಥ ಹುಳ ಕಮ್ಮಿ ಇರೋದನ್ನ ಗೊಬ್ಬರ ತುಂಬುವ ಹೆಂಗಸರೇ ಹೇಳುತ್ತಾರೆ. ಒಂದು ತಕರಾರೂ ಇದೆ. ಒಟ್ಟಿದ ತಿಪ್ಪೆಯನ್ನ ಅದು ಕೆದರಿ ಕೆದರಿ ಅಂಗಳದ ತನಕ ಹರಡುತ್ತದೆ. ಮತ್ತೆ ಒಟ್ಟುಗೂಡಿಸೋಕೆ ಆಳು ಬೇಕು. ಉಡ ಆ ಕೂಲಿ ಕೊಡೋದಿಲ್ಲ.

ಇಲಿ ವಿಷಯಕ್ಕೆ ಬರೋಣ. ಬಹಳ ಜನ ಕೇಳುವುದು ಇದನ್ನೇ. ಉಡ ಇಲಿ ತಿನ್ನುತ್ತದೆ, ನಿಜ. ಬಿಲಕ್ಕೆ ಮೂತಿ ಹಾಕಿ ಮರಿಗಳನ್ನ ಎಳೆದು ತಿನ್ನುವುದನ್ನ ಕಾಕಾ ನೋಡಿದ್ದಾರೆ. ಆದರೆ ಅದರ ಊಟದಲ್ಲಿ ದೊಡ್ಡ ಪಾಲು ದುಂಬಿ, ಹುಳ, ಮಿಡತೆ. ಜೊತೆಗೆ ಏಡಿ, ಕಪ್ಪೆ, ಬಸವನಹುಳ, ಸತ್ತ ಪ್ರಾಣಿ, ಮೊಟ್ಟೆ, ಏನು ಸಿಕ್ಕರೆ ಅದು. ಹಾಲಕ್ಕಿಯದ್ದೂ ಅದೇ ಕಥೆ. ಸಣ್ಣ ಇಲಿ ಹಿಡಿಯುತ್ತದೆ, ಹಲ್ಲಿ ಹಿಡಿಯುತ್ತದೆ, ಹೆಗ್ಗಣದ ತಂಟೆಗೆ ಹೋಗೋದಿಲ್ಲ. ಹೋಗೋಕೆ ಆಗುವುದೂ ಇಲ್ಲ, ನಮ್ಮ ಶೆಡ್ಡಿನ ಹೆಗ್ಗಣ ಅದರ ಎರಡರಷ್ಟು ತೂಗುತ್ತದೆ. ಇಲಿ ಕಾಟಕ್ಕೆ ಅಂತಲೇ ಸೇವೆ ಬೇಕಿದ್ದವರು ಕಣಜ ಗೂಬೆಯ ಕಡೆ ನೋಡಬೇಕು. ಹಾಳುಬಿದ್ದ ವಾಡೆ, ಹಳೇ ಗುಡಿಗಳಲ್ಲಿ ಇರುವ ಆ ಬಿಳಿ ಮುಖದ ದೊಡ್ಡ ಗೂಬೆ ನಿಜವಾದ ಇಲಿ ತಜ್ಞ. ನಮ್ಮ ಇಬ್ಬರು ಇಲಿಯ ವಿಷಯದಲ್ಲಿ ಪಾಸ್ ಆಗುವಷ್ಟು ಮಾರ್ಕ್ಸ್ ತೆಗೆಯುತ್ತಾರೆ, ಅಷ್ಟೇ. ಅವರನ್ನ ಹುಳದ ಕೆಲಸಕ್ಕೆ ಅಂತ ನೋಡಿದರೆ ಬೆಲೆ ಗೊತ್ತಾಗುತ್ತದೆ.

ಇಷ್ಟು ಖಾತ್ರಿಯಾಗಿ ಹೇಳೋಕೆ ಕಾರಣ, ಇಬ್ಬರೂ ರಸೀದಿ ಬಿಟ್ಟು ಹೋಗುತ್ತಾರೆ.

ಹಾಲಕ್ಕಿ ನುಂಗಿದ್ದರಲ್ಲಿ ಕರಗದೆ ಉಳಿದದ್ದನ್ನ ಉಂಡೆ ಮಾಡಿ ಬಾಯಿಂದ ಹೊರಗೆ ಹಾಕುತ್ತದೆ. ಬೇವಿನ ಬುಡದಲ್ಲಿ ಇಂಥ ಬೂದು ಬಣ್ಣದ ಪುಟ್ಟ ಉಂಡೆಗಳು ಬಿದ್ದಿರುತ್ತವೆ. ಒಣಗಿದ್ದನ್ನ ಬೆರಳಲ್ಲಿ ಒಡೆದರೆ ಪುಡಿಪುಡಿಯಾಗುತ್ತದೆ. ಮಗಳು ಹಳೇ ಪೇಪರಿನ ಮೇಲೆ ಒಡೆದು, ಗುಂಡುಸೂಜಿಯಿಂದ ಬಿಡಿಸಿ ಇಡುತ್ತಾಳೆ. ಮಿರಿಮಿರಿ ಹೊಳೆಯುವ ಕಂದು ಚೂರುಗಳು ದುಂಬಿಯ ಗಟ್ಟಿ ರೆಕ್ಕೆ. ಗರಗಸದ ಹಾಗಿರುವ ಕಡ್ಡಿ ಮಿಡತೆಯ ಕಾಲು. ನಡುನಡುವೆ ಒಂದೊಂದರಲ್ಲಿ ಬೂದು ಕೂದಲು, ಅದರೊಳಗೆ ಇಲಿಯ ಪುಟ್ಟ ದವಡೆ, ಹಲ್ಲಿನ ಸಮೇತ. ಮುಂಗಾರಿನ ಶುರುವಿನಲ್ಲಿ ಒಡೆದ ಉಂಡೆಯಲ್ಲಿ ಬರೀ ದುಂಬಿ. ಉಡದ ರಸೀದಿ ಸ್ವಲ್ಪ ಹೊಲಸು. ಅದರ ಹಿಕ್ಕೆಯ ಒಂದು ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತದೆ, ಉಳಿದದ್ದು ಕಪ್ಪು. ಒಣಗಿದ ಮೇಲೆ ಕಡ್ಡಿಯಿಂದ ಕೆದಕಿದರೆ ಅಲ್ಲೂ ಅದೇ ಹೊಳೆಯುವ ಚೂರು, ಜೊತೆಗೆ ಏಡಿಯ ಚಿಪ್ಪು. ನಮ್ಮ ಕೋಳಿಮೊಟ್ಟೆಯ ಸಿಪ್ಪೆ ಇದೆಯಾ ಅಂತ ನಮ್ಮಾಕಿ ಹುಡುಕಿಸಿದಳು. ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಅವಳ ಸಿಟ್ಟೇನೂ ಇಳಿಯಲಿಲ್ಲ.

ಇನ್ನು ಹಾಲಕ್ಕಿಯ ಸಂಜೆ ಡ್ಯೂಟಿ. ಗೊಣ್ಣೆಹುಳದ ಕಾಟ ಶೇಂಗಾ ಹಾಕುವವರಿಗೆ ಹೇಳಿಕೊಡಬೇಕಾಗಿಲ್ಲ. ಗಿಡ ಹಸಿರಾಗೇ ಇರುತ್ತದೆ, ಒಂದು ದಿನ ಬಾಡುತ್ತದೆ, ಕಿತ್ತರೆ ಬೇರೇ ಇಲ್ಲ. ಆ ಹುಳದ ತಾಯಿ-ತಂದೆ ಕಂದು ದುಂಬಿಗಳು. ಮುಂಗಾರಿಗೆ ಮುಂಚಿನ ದೊಡ್ಡ ಮಳೆ ನೆಲಕ್ಕೆ ಇಳಿದ ಸಂಜೆ ಮಣ್ಣಿನಿಂದ ಎದ್ದು ಬಂದು ಬೇವು, ಜಾಲಿ, ಬಾರೆ ಗಿಡಗಳ ಎಲೆ ತಿನ್ನುತ್ತವೆ. ಆಮೇಲೆ ಮತ್ತೆ ಮಣ್ಣಿಗೆ ಇಳಿದು ಮೊಟ್ಟೆ ಇಡುತ್ತವೆ. ಆ ಕೆಲವೇ ಸಂಜೆಗಳಲ್ಲಿ ಹಿಡಿದರೆ ಹಿಡಿದ ಹಾಗೆ. ಮರ ಅಲುಗಾಡಿಸಿ, ಬಿದ್ದ ದುಂಬಿ ಆರಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ ಅಂತ ಕೃಷಿ ಇಲಾಖೆಯವರು ಹೇಳುತ್ತಾರೆ. ನಾವು ಮಾಡುತ್ತೇವೆ. ಆದರೆ ನಮ್ಮ ಕೈ ಎಟಕುವುದು ಕೆಳಗಿನ ಕೊಂಬೆಗೆ ಮಾತ್ರ ಅಲ್ವಾ?

ಅಂಥ ಸಂಜೆ ಕಣದ ಬೇವಿನ ಕೆಳಗೆ ಮಂಚ ಹಾಕಿಕೊಂಡು ಕೂತರೆ ಟಿವಿ ಬೇಕಾಗಿಲ್ಲ. ಹೊತ್ತು ಮುಳುಗುವಾಗ ಮರದ ಪೊಟರೆಯಿಂದ ದುಂಡು ತಲೆ ಹೊರಗೆ. ಬಿಳಿ ಹುಬ್ಬು, ಹಳದಿ ಕಣ್ಣು. ನಮ್ಮನ್ನ ನೋಡಿ ತಲೆ ಮೇಲೆ ಕೆಳಗೆ ಕುಣಿಸುತ್ತದೆ. ಸಿಟ್ಟಿಗೆ ಅಂತ ಅನಿಸಿದರೂ ದೂರ ಅಂದಾಜು ಮಾಡೋಕೆ ಹಾಗೆ ಮಾಡುವುದು. ಗೂಬೆಗಳ ಕಣ್ಣುಗುಡ್ಡೆ ತಿರುಗುವುದಿಲ್ಲ, ಅದಕ್ಕೇ ಕತ್ತು ಅಷ್ಟು ತಿರುಗುತ್ತದೆ, 270 ಡಿಗ್ರಿ ತನಕ. ಆಮೇಲೆ ಜೋಡಿ ಹೊರಗೆ ಬಂದು ಕಿಚಿಪಿಚಿ ಗಲಾಟೆ ಎಬ್ಬಿಸುತ್ತದೆ. ಆ ಹೊತ್ತಿಗೆ ಹಿಂದಿನ ಚಳಿಗಾಲದ ಮರಿಗಳೂ ಹಾರುತ್ತಿರುತ್ತವೆ, ಎಲ್ಲವೂ ಒಂದೇ ಕೊಂಬೆಯಲ್ಲಿ ಸಾಲಾಗಿ ಕೂರುತ್ತವೆ. ಮಣ್ಣಿನಿಂದ ದುಂಬಿ ಎದ್ದು ಗುಂಯ್ ಅಂತ ಮೇಲೆ ಬಂದ ಕೂಡಲೇ ಒಂದು ಹಾರುತ್ತದೆ. ಗಾಳಿಯಲ್ಲೇ ಕಾಲಿನಿಂದ ಹಿಡಿದು ಬಂದು ಕೂರುತ್ತದೆ. ಕಾಲಲ್ಲಿ ಹಿಡಿದದ್ದನ್ನ ಮೂತಿಗೆ ತಂದು ಕಚಕ್ ಅಂತ ಕಡಿಯುತ್ತದೆ, ಆ ಸದ್ದು ಕೆಳಗೆ ಕೂತವರಿಗೆ ಕೇಳುತ್ತದೆ. ನಂತರ ಮತ್ತೊಂದು. ಕತ್ತಲಾದ ಮೇಲೆ ರಸ್ತೆ ಬದಿಯ ಲೈಟು ಕಂಬಕ್ಕೆ ಶಿಫ್ಟ್ ಆಗುತ್ತವೆ, ಅಲ್ಲಿ ಪತಂಗಗಳ ಸಂತೆ.

ನನ್ನ ಪ್ರಕಾರ ಹಾಲಕ್ಕಿಯ ದೊಡ್ಡ ಗುಣ ಇದು: ಎಲ್ಲಿ ಬೇಕೋ ಅಲ್ಲಿ ಕೂರಿಸಬಹುದು. ಕಡಲೆಗೆ ಕಾಯಿಕೊರಕ ಬಂದಾಗ ಹಕ್ಕಿ ಕೂರೋಕೆ ಅಂತ ಹೊಲದಲ್ಲಿ ಅಲ್ಲಲ್ಲಿ ಕವಲು ಕೋಲು ನೆಡುತ್ತೇವೆ. ಬೆಳೆಗಿಂತ ಒಂದೆರಡು ಅಡಿ ಎತ್ತರ ಇದ್ದರೆ ಸಾಕು. ಹಗಲು ಅದರ ಮೇಲೆ ಕಾಜಾಣ ಕೂರುತ್ತದೆ. ಸಂಜೆ ಅದೇ ಕೋಲಿಗೆ ಹಾಲಕ್ಕಿ ಬರುತ್ತದೆ. ಉಡಕ್ಕೆ ಹೀಗೆ ಕೆಲಸ ಹಚ್ಚೋಕೆ ಆಗೋದಿಲ್ಲ. ಅದು ಹೋದದ್ದೇ ದಾರಿ.

ಇದಕ್ಕೆ ಹೋಲಿಸಿ ನೋಡೋಕೆ ದುಡ್ಡಿನ ಸೇವೆಯೂ ನಮ್ಮಲ್ಲಿ ಬಂದಿತ್ತು. ಶೆಡ್ಡಿನಲ್ಲಿ ಹೆಸರಿನ ಚೀಲ ತೂತಾಗುತ್ತಿವೆ ಅಂತ ತಮ್ಮ ಒಂದು ಕಂಪನಿಯವರನ್ನ ಕರೆಸಿದ. ಹೆಸರು ಇಲ್ಲಿ ಬೇಡ. ಸಮವಸ್ತ್ರ ಚೆನ್ನಾಗಿತ್ತು, ಬಿಲ್ಲೂ ದೊಡ್ಡದಿತ್ತು. ಗೋಡೆ ಸುತ್ತ ನೀಲಿ ಬಣ್ಣದ ಬಿಲ್ಲೆ ಇಟ್ಟು ಹೋದರು. ಅದು ಬ್ರೋಮಾಡಿಯೋಲೋನ್, ತಿಂದ ಇಲಿಯ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಪಾಷಾಣ. ತಿಂದ ಕೂಡಲೇ ಸಾಯೋದಿಲ್ಲ. ಕೆಲವು ದಿನ ಮಂಕಾಗಿ ಬಯಲಲ್ಲೇ ಓಡಾಡಿಕೊಂಡಿರುತ್ತದೆ. ಅಂಥ ಇಲಿಯನ್ನ ಗೂಬೆಯಾಗಲಿ, ಉಡವಾಗಲಿ, ಬೆಕ್ಕಾಗಲಿ ಹಿಡಿದರೆ ವಿಷ ಅವಕ್ಕೂ ಇಳಿಯುತ್ತದೆ. ಸತ್ತ ಇಲಿಗಳನ್ನ ದಿನಾ ಆರಿಸಿ ಹೂಳಬೇಕು ಅಂತ ಬಂದವರು ಒಂದು ಮಾತು ಹೇಳಲಿಲ್ಲ. ಚೀಲದ ಹಿಂದೆ ಸತ್ತ ಹೆಗ್ಗಣದ ನಾತಕ್ಕೆ ಶೆಡ್ಡಿನೊಳಗೆ ಹೋಗೋಕೆ ಆಗಲಿಲ್ಲ. ಆ ಸಂಜೆಗಳಲ್ಲಿ ಮಗಳು ಬೇವಿನ ಕೆಳಗೇ ಕಾವಲು ಕೂತಳು, ಹಾಲಕ್ಕಿ ಕೆಳಗೆ ಇಳಿದಾಗಲೆಲ್ಲ ಚಪ್ಪಾಳೆ ಹೊಡೆದು ಎಬ್ಬಿಸಿದಳು. ಉಳಿದ ಬಿಲ್ಲೆಗಳನ್ನ ತೆಗೆಸಿದೆವು. ಈಗ ಚೀಲಗಳನ್ನ ಗೋಡೆಗೆ ತಾಗದಂತೆ ಅಟ್ಟಣಿಗೆಯ ಮೇಲೆ ಇಟ್ಟಿದ್ದೇವೆ, ಬಾಗಿಲ ಕೆಳಗಿನ ಸಂದಿಗೆ ತಗಡು ಹೊಡೆಸಿದ್ದೇವೆ. ಅರ್ಧ ಕಾಟ ಅದರಲ್ಲೇ ಹೋಯಿತು.

ಸರಿ, ತಕರಾರುಗಳು. ಉಡದ ಮೇಲೆ ಇರುವ ದೊಡ್ಡ ತಕರಾರು ಕೋಳಿಗೂಡು. ಮೊಟ್ಟೆ ಅಂದರೆ ಅದಕ್ಕೆ ಪ್ರಾಣ. ಕಾವು ಕೂತ ಕೋಳಿಯನ್ನ ಎಬ್ಬಿಸಿ ಕೆಳಗಿನ ಮೊಟ್ಟೆ ನುಂಗಿ ಹೋದದ್ದು ಇದೆ. ನಮ್ಮಾಕಿ ಕೋಲು ಹಿಡಿದು ಹೋದರೆ ಅದು ಓಡಲಿಲ್ಲ. ಮೈ ಉಬ್ಬಿಸಿ, ಬುಸ್ ಅಂತ ಸದ್ದು ಮಾಡಿ, ಬಾಲ ಬೀಸಿತು. ಬಕೀಟು ಉರುಳಿ ಬಿತ್ತು. "ಕಚ್ಚಿದ್ರ ವಿಷ ಐತಿ, ಹತ್ರ ಹೋಗಬ್ಯಾಡ" ಅಂತ ಅವ್ವ ಒಳಗಿಂದ ಕೂಗಿದಳು. ಹಾವಿನ ಹಾಗೆ ಮನುಷ್ಯನನ್ನ ಕೊಲ್ಲುವ ವಿಷ ಅದಕ್ಕಿಲ್ಲ. ಆದರೆ ಉಡದ ಹಿಡಿತ ಅಂತ ಗಾದೆಮಾತಿಗೆ ಸುಮ್ನೆ ಬಂದಿಲ್ಲ, ಕಚ್ಚಿದರೆ ಬಿಡಿಸೋದು ಕಷ್ಟ, ಗಾಯ ಆಳ ಆಗುತ್ತದೆ. ಅದಕ್ಕೆ ದಾರಿ ಬಿಟ್ಟು ನಿಂತರೆ ಅದೇ ಹೋಗುತ್ತದೆ. ನಾಯಿಯನ್ನ ಕಟ್ಟಿಹಾಕೋದು ಮುಖ್ಯ, ಏಕೆಂದರೆ ನಾಯಿ ಇದ್ದರೆ ಯಾರಾದರೊಬ್ಬರಿಗೆ ಪೆಟ್ಟು ಖಾತ್ರಿ.

ಹಾಲಕ್ಕಿಯ ಮೇಲಿನ ತಕರಾರು ಸದ್ದು. ಬೆಳಗಿನ ಜಾವ ನಿದ್ದೆ ಹತ್ತುವ ಹೊತ್ತಿಗೆ ಸರಿಯಾಗಿ ಜಗಳ ಶುರು ಮಾಡುತ್ತವೆ. ಅದು ಬಿಟ್ಟರೆ ಅವ್ವನ ತಕರಾರು. ತಗಡಿನ ಮೇಲೆ ಕೂತಿದ್ದನ್ನ ನೋಡಿ "ಗೂಬಿ ಕುಂತೈತಿ ಮನಿ ಮ್ಯಾಲ, ಶಾಂತಿ ಮಾಡಿಸಪಾ" ಅಂತ ಹಟ ಹಿಡಿದಳು. ಅದೇ ಅವ್ವ ಬುಡಬುಡಿಕೆಯವನು ಬಂದು ಹಾಲಕ್ಕಿ ಒಳ್ಳೇದು ನುಡಿದೈತಿ ಅಂದರೆ ಮೊರದ ತುಂಬ ಜೋಳ ಹಾಕುತ್ತಾಳೆ. ನಾನು ವಾದಕ್ಕೆ ಹೋಗಲಿಲ್ಲ. ಮನೆಯಲ್ಲಿ ಏನೇ ಹಾಳಾದರೂ ಸದ್ಯಕ್ಕೆ ಗೂಬೆ ಕೂರಿಸೋಕೆ ಗೂಬೆಯೇ ಇದೆ ಅಂತ ತಮ್ಮ ನಗಾಡುತ್ತಾನೆ.

ಇಬ್ಬರ ನಡುವೆ ಹೊಂದಾಣಿಕೆ ಇದೆಯಾ ಅಂತ ಕೇಳಿದರೆ, ಇಲ್ಲ. ಒಂದು ಮಧ್ಯಾಹ್ನ ಗೊರವಂಕಗಳು ಬೇವಿನಲ್ಲಿ ಕಿತ್ತಾಡೋ ಸದ್ದಿಗೆ ಹೊರಗೆ ಬಂದೆವು. ಉಡ ಮರ ಹತ್ತುತ್ತಿತ್ತು. ಮರಿ ಉಡಗಳು ಮರದಲ್ಲೇ ಜಾಸ್ತಿ ಇರುತ್ತವೆ, ದೊಡ್ಡದಾದ ಮೇಲೆ ನೆಲವೇ ಹೆಚ್ಚು. ಆದರೂ ಹತ್ತೋದನ್ನ ಮರೆಯೋದಿಲ್ಲ. ಉಗುರು ತೊಗಟೆಗೆ ಕಚ್ಚಿಸಿ, ಒಂದು ಕಾಲು ಒಂದು ಕಾಲು ಏರಿಸುತ್ತಾ, ಪೊಟರೆಯ ಕಡೆಗೇ ನಡೆದಿತ್ತು. ಒಳಗೆ ಮರಿಗಳಿದ್ದವು. ಸಾಮಾನ್ಯವಾಗಿ ಮೂರು-ನಾಲ್ಕು ಮೊಟ್ಟೆ ಇಡುತ್ತವೆ. ಅಳಿಲು ಚಿರ್ ಚಿರ್ ಅಂತ ಬಾಲ ಕುಣಿಸಿತು. ಗೊರವಂಕಗಳು ಉಡದ ಬೆನ್ನ ಮೇಲೇ ಬಂದು ಬಂದು ಹೋದವು. ಹಾಲಕ್ಕಿಗಳಲ್ಲಿ ಒಂದು ಎದುರಿನ ಕೊಂಬೆಯಲ್ಲಿ ಪುಕ್ಕ ಉಬ್ಬಿಸಿ ಕೊಕ್ಕು ಕಟಕಟ ಅನ್ನಿಸುತ್ತಾ ಕೂತಿತ್ತು, ಮತ್ತೊಂದು ಹಗಲು ಅನ್ನೋದನ್ನೂ ನೋಡದೆ ಎರಗುತ್ತಿತ್ತು. ಉಡಕ್ಕೆ ಅದೆಲ್ಲ ಲೆಕ್ಕಕ್ಕೇ ಇಲ್ಲ. ಪೊಟರೆಯ ತನಕ ಹೋಯಿತು, ನಾಲಿಗೆ ಒಳಗೆ ಬಿಟ್ಟಿತು, ಮೂತಿ ತುರುಕಿತು. ತಲೆ ಹೋಯಿತು, ಹೆಗಲು ಹೋಗಲಿಲ್ಲ. ಪೊಟರೆಯ ಬಾಯಿ ಸಣ್ಣದು. ಮುಂಗಾಲು ಹಾಕಿ ಕೆರೆಯಿತು. ಬೇವಿನ ಕಟ್ಟಿಗೆ ಗಟ್ಟಿ. ಕೊನೆಗೆ ತಲೆ ಕೆಳಗೆ ಮಾಡಿ ಇಳಿದು ಒಡ್ಡಿಗೆ ಹೋಯಿತು, ಅವಸರ ಏನೂ ಮಾಡದೆ. ಮಗಳು ಅವತ್ತು ಉಡಕ್ಕೆ ಸೊನ್ನೆ ಮಾರ್ಕ್ಸ್ ಕೊಟ್ಟಳು. "ಅದಕ್ಕೂ ಹೊಟ್ಟಿ ಐತಲ್ಲವ್ವಾ" ಅಂದರು ಕಾಕಾ. ಅವರಿಬ್ಬರ ಜಗಳ ರಾತ್ರಿ ಊಟದ ತನಕ ನಡೆಯಿತು.

ಮಾರ್ಕ್ಸ್ ಕೊಡಲೇಬೇಕು ಅಂದರೆ, ಐದಕ್ಕೆ ಹಾಲಕ್ಕಿಗೆ ನಾಲ್ಕೂವರೆ. ಅರ್ಧ ಕಳೆದದ್ದು ಬೆಳಗಿನ ಜಾವದ ಸದ್ದಿಗೆ. ಉಡಕ್ಕೆ ಮೂರೂವರೆ. ತಿಪ್ಪೆಯ ಕೆಲಸ ಒಂದನ್ನೇ ನೋಡಿದರೆ ಐದಕ್ಕೆ ಐದು ಕೊಡುತ್ತಿದ್ದೆ. ಮೊಟ್ಟೆ, ಚಳಿಗಾಲದ ರಜೆ, ಬಾಲದ ಪೆಟ್ಟು ಸೇರಿ ಇಳಿಯಿತು. ತೋಟ ಸಣ್ಣದಿದ್ದು ಮನೆ ಹತ್ತಿರ ಇದ್ದರೆ ಹಾಲಕ್ಕಿಯೇ ಚಲೋ. ಗುಡ್ಡದ ಬದಿಯ ಹೊಲ, ದೊಡ್ಡ ತಿಪ್ಪೆ, ಕಲ್ಲಿನ ಒಡ್ಡು ಇರುವವರಿಗೆ ಉಡದ ಕೆಲಸ ಬೇರೆ ಯಾರೂ ಮಾಡೋದಿಲ್ಲ. ಕಂಪನಿಯವರಿಗೆ ಎಷ್ಟು ಅಂತ ತಮ್ಮನನ್ನೇ ಕೇಳಿ.

ಸೇವೆ ಸಿಗೋದು ಹೇಗೆ? ಹಿಡಿದು ತರೋದಂತೂ ಇಲ್ಲ. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿ ಅದು. ಹಿಡಿದರೆ, ಕೊಂದರೆ ಮೂರರಿಂದ ಏಳು ವರ್ಷ ಜೈಲು. ಗೂಬೆಗಳನ್ನ ಹಿಡಿಯೋದೂ ಅಪರಾಧವೇ. ಹಾಗಿದ್ದರೂ ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದಾಗ ಮಾಟ-ಮಂತ್ರದ ಹೆಸರಲ್ಲಿ ಗೂಬೆಗೆ ಗಿರಾಕಿ ಹುಟ್ಟುತ್ತಾರೆ. ಉಡದ ಕಥೆ ಇನ್ನೂ ಕೆಟ್ಟದ್ದು. ಮಾಂಸಕ್ಕೆ ಹಿಡಿಯುತ್ತಾರೆ, ಕೀಲುನೋವಿಗೆ ಅಂತ ಕೊಬ್ಬು ಕಾಯಿಸುತ್ತಾರೆ, ಹಿಂದೆ ಖಂಜಿರಕ್ಕೆ ಇದರದ್ದೇ ಚರ್ಮ ಬಿಗಿಯುತ್ತಿದ್ದರು. ಹತ್ತಾಜೋಡಿ ಅಂತ ಕೈ ಜೋಡಿಸಿದ ಹಾಗೆ ಕಾಣುವ ಬೇರು ಮಾರುತ್ತಾರಲ್ಲ, ತಿಜೋರಿಯಲ್ಲಿಟ್ಟರೆ ದುಡ್ಡು ಬರುತ್ತೆ ಅಂತ? ಅದು ಬೇರಲ್ಲ. ಗಂಡು ಉಡದ ಒಣಗಿಸಿದ ಜನನಾಂಗ. ನಮ್ಮ ನೆಂಟರೊಬ್ಬರ ದೇವರ ಮನೆಯಲ್ಲಿ ಕುಂಕುಮ ಹಚ್ಚಿ ಇಟ್ಟಿದ್ದರು. ವಿಷಯ ತಿಳಿದ ಮೇಲೆ ಅವರ ಮುಖ ನೋಡಬೇಕಿತ್ತು.

ಹಾಗಾದರೆ ಮಾಡಬೇಕಾದ್ದು ಇಷ್ಟು. ಪೊಟರೆ ಇರುವ ಹಳೇ ಮರ ಒಣಗಿದೆ ಅಂತ ಕಡಿಯಬೇಡಿ. ಒಡ್ಡಿನ ಕಲ್ಲು ಹಾಗೇ ಇರಲಿ, ಬದುವಿನ ಹುಲ್ಲಿಗೆ ಬೆಂಕಿ ಹಚ್ಚಬೇಡಿ. ಹುತ್ತ ಕೆಡವಬೇಡಿ, ಉಡ ಎಷ್ಟೋ ಸಲ ಅಲ್ಲೇ ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ, ಅವು ಒಡೆದು ಮರಿಯಾಗೋಕೆ ಅರ್ಧ ವರ್ಷಕ್ಕೂ ಮೇಲೆ ಬೇಕಾಗುತ್ತದೆ. ನೀಲಿ ಬಿಲ್ಲೆ ಬಯಲಲ್ಲಿ ಇಡಬೇಡಿ. ಮನೆಯೊಳಗೆ ಉಡ ಹೊಕ್ಕರೆ ಬಾಗಿಲು ತೆಗೆದು ದೂರ ನಿಲ್ಲಿ. ಹೋಗಲೇ ಇಲ್ಲ ಅಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಪಕ್ಕದ ಹೊಲದವರು ನಮ್ಮ ತಿಪ್ಪೆ ನೋಡಿ ಹೋದ ಮೇಲೆ ಒಂದು ದಿನ ಬಂದರು. "ಅಣ್ಣಾರ, ಒಂದ ಉಡ ಚೀಲದಾಗ ಹಾಕಿ ಕೊಡ್ರಿ, ನಮ್ಮ ತಿಪ್ಪಿಗೂ ಬಿಡತೇನಿ" ಅಂದರು. ಜೈಲಿನ ವಿಷಯ ಹೇಳಿದೆ, ಚಾ ಕುಡಿಸಿದೆ. ಅವರ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಇರುವುದು ಅದೇ ಒಡ್ಡು, ಅದನ್ನ ಜೆಸಿಬಿ ತರಿಸಿ ಸಾಪು ಮಾಡಿಸಬೇಕು ಅಂತ ಅವರು ಮಾತಾಡಿಕೊಂಡಿದ್ದರು. ಈಗ ಬೇಡ ಅಂದಿದ್ದಾರೆ. ಕೋಳಿಗೂಡಿಗೆ ಏನು ಮಾಡಿದ್ರಿ ಅಂತ ಕೇಳಿದರು. ಅರ್ಧ ಇಂಚಿನ ತಂತಿ ಜಾಳಿಗೆ, ಕೆಳಗೆ ಒಂದು ಅಡಿ ಮಣ್ಣಲ್ಲಿ ಹೂಳಬೇಕು, ಇಲ್ಲ ಅಂದರೆ ಅಡಿಯಿಂದ ತೋಡಿಕೊಂಡು ಬರುತ್ತದೆ. ನಮ್ಮ ಗೂಡಿಗೆ ತಂದದ್ದರಲ್ಲಿ ಸ್ವಲ್ಪ ಉಳಿದಿತ್ತು, ಕೊಟ್ಟು ಕಳಿಸಿದೆ. ಅವರ ಗೂಡಿಗೆ ಅದು ಸಾಲೋದಿಲ್ಲ, ಇನ್ನೂ ಎಂಟು ಅಡಿ ತರಬೇಕು.